ಗಾಯಗೊಂಡ ಲೆಪರ್ಡ್ ಗೆಕೊ: ಮೈಸೂರು, ಮಂಡ್ಯದ ಮನೆಗಳಲ್ಲಿ ಚೇತರಿಕೆಯ ಆರೈಕೆ

ಸಾಕುಹಲ್ಲಿಯಾದ ಲೆಪರ್ಡ್ ಗೆಕೊಗೆ ಗಾಯವಾದಾಗ ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಅರಿಸಿನದ ಡಬ್ಬಿ, ಇಲ್ಲವೇ ಹಿಂದೆ ಯಾರಿಗೋ ಬರೆದುಕೊಟ್ಟಿದ್ದ ಮುಲಾಮಿನ ಉಳಿಕೆ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಥರ್ಮಾಮೀಟರ್. ಈ ಪ್ರಾಣಿ ತನಗೆ ಬೇಕಾದ ಶಾಖವನ್ನು ಮೈಯೊಳಗೇ ಉತ್ಪಾದಿಸಿಕೊಳ್ಳಲಾರದು. ತಿಂದದ್ದು ಅರಗುವುದು, ಸೋಂಕನ್ನು ಎದುರಿಸುವುದು, ಹೊಸ ಚರ್ಮ ಕಟ್ಟುವುದು, ವೈದ್ಯರು ಕೊಟ್ಟ ಔಷಧ ಮೈಗೆ ಹಿಡಿಯುವುದು, ಇವೆಲ್ಲವೂ ಅದು ಮಲಗಿರುವ ನೆಲ ಎಷ್ಟು ಬೆಚ್ಚಗಿದೆ ಎಂಬುದನ್ನು ಅವಲಂಬಿಸಿವೆ. ತಣ್ಣನೆಯ ಪೆಟ್ಟಿಗೆಯಲ್ಲಿಟ್ಟ ಗೆಕೊಗೆ ಎಷ್ಟೇ ದುಬಾರಿ ಔಷಧ ಕೊಟ್ಟರೂ ಗಾಯ ಹಾಗೇ ಉಳಿಯುತ್ತದೆ. ಸರಿಯಾದ ಶಾಖ, ಒಣ ಹಾಸು ಮತ್ತು ಏಕಾಂತ ದೊರೆತರೆ ಸಣ್ಣ ಗಾಯಗಳು ಬಹುಪಾಲು ತಾವಾಗಿಯೇ ಮಾಯುತ್ತವೆ.

ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದ ಈ ಹಲ್ಲಿ ಹಗಲೆಲ್ಲ ಬಂಡೆಯ ಸಂದಿನಲ್ಲಿ ಬಿಸಿಗಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಮಲಗಿ, ಮುಸ್ಸಂಜೆಯ ನಂತರ ಹೊರಬರುತ್ತದೆ. ನಮ್ಮ ಗೋಡೆಯ ಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕಿದೆ. ಗೋಡೆಯ ಹಲ್ಲಿಗಿರುವ ಅಂಟುಪಾದ ಇದಕ್ಕಿಲ್ಲ. ಹಾಗಾಗಿ ಇದು ಗಾಜನ್ನು ಹತ್ತಲಾರದು, ಆದರೆ ಕಲ್ಲು, ಮರದ ತುಂಡುಗಳನ್ನು ಹತ್ತಿ ಬೀಳುತ್ತದೆ, ಸಾಕಿದವರ ಭುಜದಿಂದಲೂ ಬೀಳುತ್ತದೆ. ಸರಿಯಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುವ ಪ್ರಾಣಿಯಾದ್ದರಿಂದ ಒಂದಲ್ಲ ಒಂದು ಗಾಯ ಅದರ ಆಯುಷ್ಯದಲ್ಲಿ ಬಂದೇ ಬರುತ್ತದೆ ಎಂದುಕೊಂಡು ಸಿದ್ಧವಾಗಿರುವುದು ಒಳ್ಳೆಯದು.

ಮನೆಯಲ್ಲಿ ನೋಡಿಕೊಳ್ಳಬಹುದಾದ ಗಾಯ, ಆಸ್ಪತ್ರೆಗೆ ಒಯ್ಯಬೇಕಾದ ಗಾಯ

ಬಾಲ ಕಳಚಿಬಿದ್ದು ರಕ್ತ ನಿಂತಿರುವುದು, ಚರ್ಮದ ಮೇಲ್ಪದರ ಮಾತ್ರ ತರಚಿರುವುದು, ಪೊರೆ ಸಿಕ್ಕಿಕೊಂಡು ಬೆರಳು ಸ್ವಲ್ಪ ಕೆಂಪಾಗಿರುವುದು, ಇವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ರಕ್ತ ಒಸರುತ್ತಿದ್ದರೆ ಶುದ್ಧವಾದ ಗಾಜ್ ಬಟ್ಟೆಯನ್ನು ಹಗುರವಾಗಿ ಒತ್ತಿ ಐದು ನಿಮಿಷ ಹಿಡಿಯಬೇಕು. ನಿಂತಿತೇ ಎಂದು ಮಧ್ಯೆ ಮಧ್ಯೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಇನ್ನೂ ಐದು ನಿಮಿಷ ಹಿಡಿದರೂ ನಿಲ್ಲದಿದ್ದರೆ ಅದು ಮನೆಮದ್ದಿನ ಗಾಯವಲ್ಲ.

ಬೆಕ್ಕು ಅಥವಾ ನಾಯಿ ಕಚ್ಚಿದ್ದರೆ, ಹೊರಗೆ ಕಾಣುವ ತೂತು ಸೂಜಿಮೊನೆಯಷ್ಟೇ ಇದ್ದರೂ ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಬೆಕ್ಕಿನ ಹಲ್ಲು ರೋಗಾಣುಗಳನ್ನು ಮಾಂಸದ ಆಳಕ್ಕೆ ತಳ್ಳಿಬಿಡುತ್ತದೆ, ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಕಾಲು ಎಳೆದು ನಡೆಯುವುದು, ದವಡೆ ಊದಿಕೊಳ್ಳುವುದು ಅಥವಾ ಓರೆಯಾಗುವುದು, ಕಣ್ಣು ತೆರೆಯದಿರುವುದು, ಸುಟ್ಟ ಗಾಯದಲ್ಲಿ ಬೊಬ್ಬೆ ಏಳುವುದು, ಗಾಯ ಕಪ್ಪಾಗಿ ವಾಸನೆ ಬರುವುದು, ಇವೂ ಆಸ್ಪತ್ರೆಯ ಲಕ್ಷಣಗಳೇ. ಮಲದ್ವಾರದಿಂದ ಕೆಂಪು ಅಂಗಾಂಶ ಹೊರಬಂದಿದ್ದರೆ ಅದನ್ನು ಒಳಗೆ ತಳ್ಳಲು ಹೋಗಬಾರದು; ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಒಣಗದಂತೆ ಮುಚ್ಚಿ, ಕೂಡಲೇ ಹೊರಡಬೇಕು.

ನಮ್ಮ ಜಿಲ್ಲೆಗಳ ಪಶು ಆಸ್ಪತ್ರೆಗಳಿಗೆ ದಿನವೂ ಬರುವುದು ಹಸು, ಕುರಿ, ನಾಯಿಗಳು. ಗೆಕೊ ಹಿಡಿದು ನೇರವಾಗಿ ಹೋಗುವ ಮೊದಲು ದೂರವಾಣಿಯಲ್ಲಿ ಕೇಳಿಕೊಳ್ಳುವುದು ಮೇಲು: ಸರೀಸೃಪಗಳನ್ನು ನೋಡಿದ ಅನುಭವವಿದೆಯೇ, 60 ಗ್ರಾಂ ತೂಕದ ಪ್ರಾಣಿಗೆ ಔಷಧದ ಪ್ರಮಾಣ ಲೆಕ್ಕಹಾಕಿ ಕೊಡುತ್ತಾರೆಯೇ, ಎಕ್ಸ್‌ರೇ ತೆಗೆಯಲು ಸಾಧ್ಯವೇ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಸರೀಸೃಪ ಬಲ್ಲ ವೈದ್ಯರಿರುತ್ತಾರಲ್ಲ ಎಂಬ ಯೋಚನೆ ಹಲವರಿಗೆ ಬರುತ್ತದೆ. ಆದರೆ ಅವರು ಮೃಗಾಲಯದ ಪ್ರಾಣಿಗಳಿಗಾಗಿ ಇರುವವರು. ಊರಿನಲ್ಲಿ ಅನುಭವಿಗಳು ಸಿಗದಿದ್ದರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಲ್ಲಿದೆ, ಸಣ್ಣ ಸಾಕುಪ್ರಾಣಿಗಳನ್ನು ನೋಡುವ ಖಾಸಗಿ ವೈದ್ಯರೂ ಅಲ್ಲಿ ಹೆಚ್ಚು. ಪ್ರಯಾಣಕ್ಕೆ ಗಾಳಿಯಾಡಲು ತೂತು ಮಾಡಿದ ಊಟದ ಡಬ್ಬಿಯಷ್ಟು ಪೆಟ್ಟಿಗೆ ಸಾಕು; ತಳಕ್ಕೆ ಟಿಶ್ಯೂ ಹಾಸಿ, ಬಟ್ಟೆ ಸುತ್ತಿದ ಬೆಚ್ಚನೆಯ ನೀರಿನ ಬಾಟಲಿಯೊಂದನ್ನು ಪೆಟ್ಟಿಗೆಯ ಹೊರಮೈಗೆ ತಾಗಿಸಿಡಬೇಕು. ಕಾರಿನ ಎಸಿ ಗಾಳಿ ಪೆಟ್ಟಿಗೆಗೆ ನೇರವಾಗಿ ಬಡಿಯಬಾರದು. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಪ್ರತಿ ತಿರುವಿನಲ್ಲೂ ಪ್ರಾಣಿ ಉರುಳಾಡುತ್ತದೆ.

ವೈದ್ಯರು ಪ್ರತಿಜೀವಕ ಬರೆದುಕೊಟ್ಟರೆ ಅದರ ಅಂತರ ನಮಗೆ ವಿಚಿತ್ರವಾಗಿ ಕಾಣಬಹುದು. ಸೆಫ್ಟಾಜಿಡಿಮ್‌ನಂಥ ಔಷಧವನ್ನು ಸರೀಸೃಪಗಳಿಗೆ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಮಾತ್ರ ಚುಚ್ಚುತ್ತಾರೆ, ಏಕೆಂದರೆ ಇವುಗಳ ದೇಹ ಔಷಧವನ್ನು ಹೊರಹಾಕುವ ವೇಗ ನಮಗಿಂತ ಬಹಳ ನಿಧಾನ. ಬೇಗ ಗುಣವಾಗಲೆಂದು ಮನೆಯವರೇ ಅಂತರ ಕಡಿಮೆ ಮಾಡಿದರೆ ಮೂತ್ರಪಿಂಡ ಹಾಳಾದೀತು. ಮನುಷ್ಯರ ನೋವಿನ ಮಾತ್ರೆಗಳನ್ನು ಪುಡಿಮಾಡಿ ಕೊಡುವ ಪ್ರಶ್ನೆಯೇ ಇಲ್ಲ.

ಚೇತರಿಕೆಯ ಪೆಟ್ಟಿಗೆ

ಮರಳು, ತೆಂಗಿನ ನಾರಿನ ಪುಡಿ, ಕಲ್ಲು, ಕೊಂಬೆಗಳಿಂದ ಚೆಂದವಾಗಿ ಅಲಂಕರಿಸಿದ ತೊಟ್ಟಿ ಗಾಯಗೊಂಡ ಪ್ರಾಣಿಗೆ ತಕ್ಕದ್ದಲ್ಲ. ಸುಮಾರು 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ, ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದು, ಮೇಲ್ಭಾಗದ ಅಂಚಿನಲ್ಲಿ ಸುತ್ತಲೂ ಸಣ್ಣ ತೂತುಗಳನ್ನು ಕೊರೆದರೆ ಚೇತರಿಕೆಯ ಮನೆ ಸಿದ್ಧ. ತಳಕ್ಕೆ ಬಿಳಿಯ, ಅಚ್ಚಿಲ್ಲದ ಅಡುಗೆಮನೆ ಟಿಶ್ಯೂವನ್ನು ಎರಡು ಮೂರು ಪದರ ಹಾಸಬೇಕು. ಬಿಳಿಯದೇ ಏಕೆಂದರೆ ರಕ್ತದ ಹನಿ, ಕೀವಿನ ಕಲೆ, ಮಲದ ಬಣ್ಣ ಎಲ್ಲವೂ ಅದರ ಮೇಲೆ ಒಂದೇ ನೋಟಕ್ಕೆ ಕಾಣುತ್ತವೆ. ಹಾಸನ್ನು ದಿನಕ್ಕೊಮ್ಮೆ, ಮಲ ಬಿದ್ದರೆ ಕೂಡಲೇ, ಬದಲಿಸಬೇಕು. ಮರಳಿನ ಕಣ ಹಸಿಗಾಯಕ್ಕೆ ಅಂಟಿದರೆ ತೆಗೆಯುವುದೇ ಇನ್ನೊಂದು ಗಾಯವಾಗುತ್ತದೆ.

ಪೆಟ್ಟಿಗೆಯ ಮೂರನೇ ಒಂದು ಭಾಗದ ಅಡಿಗೆ ಮಾತ್ರ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಕಾಯುವ ಹಾಸು) ಇರಲಿ, ಅದು ಶಾಖವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಮೂಲಕವೇ ಚಾಲೂ ಆಗಲಿ. ಥರ್ಮೋಸ್ಟಾಟಿನ ಸೂಕ್ಷ್ಮ ತುದಿಯನ್ನು ಪೆಟ್ಟಿಗೆಯೊಳಗೆ, ಮ್ಯಾಟಿನ ನೇರ ಮೇಲೆ, ಹಾಸಿನ ಅಡಿಯಲ್ಲಿ ಅಂಟಿಸಬೇಕು. ಗಾಳಿಯಲ್ಲಿ ತೂಗುಬಿಟ್ಟರೆ ನೆಲದ ಶಾಖ ಅದಕ್ಕೆ ತಿಳಿಯದೆ ಮ್ಯಾಟ್ ಕಾಯುತ್ತಲೇ ಹೋಗುತ್ತದೆ. ಬೆಚ್ಚನೆಯ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 24ರಿಂದ 26 ಡಿಗ್ರಿ ಇರಬೇಕು. ಆರೋಗ್ಯವಂತ ಗೆಕೊ ರಾತ್ರಿ 20 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ, ಆದರೆ ಗಾಯ ಮಾಯುವವರೆಗೆ ಬೆಚ್ಚನೆಯ ಬದಿಯನ್ನು ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಇಡುವುದು ಕ್ಷೇಮ. ತಂಪು ಬದಿ ಇರಲೇಬೇಕು, ಏಕೆಂದರೆ ಎಷ್ಟು ಶಾಖ ಬೇಕೆಂದು ಆರಿಸಿಕೊಳ್ಳುವ ಕೆಲಸ ಪ್ರಾಣಿಯದು. ಅಡಗಿಕೊಳ್ಳಲು ಪೆಟ್ಟಿಗೆಯ ಎರಡು ಬದಿಗೂ ಒಂದೊಂದು ಮರೆ ಬೇಕು. ಒರಟು ಅಂಚಿನ ಮಡಕೆಯ ಚೂರು, ತೆಂಗಿನ ಚಿಪ್ಪು ಈಗ ಬೇಡ. ಬಾಗಿಲು ಕತ್ತರಿಸಿದ ರಟ್ಟಿನ ಡಬ್ಬಿ ಸಾಕು, ಕೊಳೆಯಾದರೆ ಎಸೆದು ಹೊಸದನ್ನು ಇಡಬಹುದು.

ಮೈಸೂರಿನ ಹವೆ ಇದಕ್ಕೆ ಒಗ್ಗುತ್ತದೆ ಎಂದು ಹೇಳುವವರಿದ್ದಾರೆ. ಭಾಗಶಃ ಅದು ನಿಜ, ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ ಸುಮಾರು 16 ಡಿಗ್ರಿಗೆ ಇಳಿಯುತ್ತದೆ, ರೆಡ್ ಆಕ್ಸೈಡ್ ನೆಲದ ಹಳೆಯ ಮನೆಗಳಲ್ಲಿ ನೆಲ ಬೆಳಗಿನವರೆಗೂ ಕೊರೆಯುತ್ತಿರುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮರದ ಮೇಜಿನ ಮೇಲಿಟ್ಟು, ಮ್ಯಾಟಿನ ಕೆಳಗೆ ಥರ್ಮೋಕೋಲ್ ಹಲಗೆಯೊಂದನ್ನು ಸೇರಿಸಿದರೆ ಶಾಖ ಕೆಳಗೆ ಸೋರುವುದಿಲ್ಲ. ಮ್ಯಾಟು ಮತ್ತು ಪೆಟ್ಟಿಗೆಯ ನಡುವೆ ಮಾತ್ರ ಗಾಳಿಗೆ ತುಸು ಅಂತರವಿರಲಿ. ವಿದ್ಯುತ್ ಹೋದಾಗ ಮನೆಯ ಇನ್ವರ್ಟರ್ ಈ ಮ್ಯಾಟನ್ನು ಸುಲಭವಾಗಿ ನಡೆಸುತ್ತದೆ, ಅದು ಎಳೆಯುವುದು ಕೆಲವೇ ವಾಟ್. ಮಂಡ್ಯದ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ತಿರುಗುಮುರುಗು: ಕೋಣೆಯೇ 35 ಡಿಗ್ರಿ ದಾಟಿದಾಗ ಮ್ಯಾಟ್ ಆರಿಹೋಗಿದ್ದರೂ ತಂಪು ಬದಿ ಎಂಬುದೇ ಉಳಿಯುವುದಿಲ್ಲ. ಆಗ ಪೆಟ್ಟಿಗೆಯನ್ನು ಶೀಟು ಅಥವಾ ತಾರಸಿಯ ಕೆಳಗಿನ ಕೋಣೆಯಿಂದ ಕೆಳಮನೆಗೆ ಒಯ್ದು, ತಂಪು ಬದಿಯ ಹೊರಮೈಗೆ ನೀರು ತುಂಬಿದ ಮಣ್ಣಿನ ಹೂಜಿ ತಾಗಿಸಿಡಬೇಕು. ಕಿಟಕಿಯ ನೇರ ಬಿಸಿಲಿಗೆ ಪೆಟ್ಟಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಪ್ರಾಣಿ ಬೆಂದುಹೋಗಬಹುದು.

ಇರುವೆಯ ವಿಷಯವನ್ನು ಹೊರದೇಶದ ಮಾರ್ಗದರ್ಶಿಗಳು ಹೇಳುವುದಿಲ್ಲ, ನಮಗೆ ಅದು ದೊಡ್ಡ ವಿಷಯ. ಗಾಯದ ವಾಸನೆಗೂ, ಸತ್ತ ಹುಳುವಿನ ತುಣುಕಿಗೂ ಕೆಂಪಿರುವೆ ಸಾಲುಗಟ್ಟುತ್ತದೆ, ಓಡಲಾರದ ಪ್ರಾಣಿಯನ್ನು ಒಂದೇ ರಾತ್ರಿಯಲ್ಲಿ ಕಚ್ಚಿ ಹಣ್ಣುಮಾಡುತ್ತದೆ. ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸುವ ಹಳೆಯ ಉಪಾಯಕ್ಕಿಂತ ಉತ್ತಮವಾದುದು ಇಲ್ಲ. ಮೇಜು ಗೋಡೆಗೆ ತಾಗದಂತೆ, ಥರ್ಮೋಸ್ಟಾಟಿನ ತಂತಿ ಸೇತುವೆಯಾಗದಂತೆ ನೋಡಿಕೊಂಡರಾಯಿತು. ಇರುವೆ ಸೀಮೆಸುಣ್ಣ, ಜಿರಳೆ ಸ್ಪ್ರೇ, ನುಸಿಗುಳಿಗೆ ಆ ಕೋಣೆಯಲ್ಲಿ ಬೇಡ. ನೆಲ ಒರೆಸುವ ಫಿನೈಲ್ ಕೂಡ ಬೇಡ, ಫೀನಾಲ್ ಇರುವ ದ್ರವಗಳು ಸರೀಸೃಪಗಳಿಗೆ ವಿಷ. ಸೊಳ್ಳೆಬತ್ತಿ ಮತ್ತು ಅಗರಬತ್ತಿಯ ಹೊಗೆ, ಮಂಡ್ಯದ ಹಳ್ಳಿಗಳಲ್ಲಾದರೆ ಆಲೆಮನೆಯ ಹೊಗೆ, ಇವು ಪೆಟ್ಟಿಗೆಯಿರುವ ಕೋಣೆಗೆ ನುಗ್ಗದಂತೆ ಬಾಗಿಲು ಹಾಕಿಡಬೇಕು. ಅಗರಬತ್ತಿಯ ಊರಿನಲ್ಲಿ ಹೀಗೆ ಹೇಳುವುದು ಕಷ್ಟವೇ; ದೇವರ ಕೋಣೆಯಿಂದ ಪೆಟ್ಟಿಗೆಯನ್ನು ದೂರ ಇಡುವುದು ಸುಲಭ.

ಗಾಯ ತೊಳೆಯುವ ಕ್ರಮ

ಔಷಧದಂಗಡಿಯಲ್ಲಿ ಸಿಗುವ 0.9 ಪ್ರತಿಶತದ ಸಲೈನ್ ಮೊದಲ ಆಯ್ಕೆ. ಅದು ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿದರೆ ಅದೇ ಆಗುತ್ತದೆ. ದ್ರವವನ್ನು ಕೈಗೆ ಉಗುರುಬೆಚ್ಚಗೆ ತಾಗುವಷ್ಟು ಬಿಸಿಮಾಡಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯದ ಮೇಲೆ ನಿಧಾನವಾಗಿ ಹರಿಸಬೇಕು. ಹತ್ತಿಯಿಂದ ಉಜ್ಜಬಾರದು, ಹತ್ತಿಯ ಎಳೆ ಗಾಯದಲ್ಲಿ ಉಳಿದುಬಿಡುತ್ತದೆ. ಸೋಂಕುನಿವಾರಕ ಬೇಕೆನಿಸಿದರೆ ಪೊವಿಡೋನ್ ಅಯೋಡಿನ್ ದ್ರವವನ್ನು ಹಾಲು ಹಾಕದ ತೆಳು ಟೀ ಬಣ್ಣ ಬರುವವರೆಗೆ ನೀರು ಬೆರೆಸಿ ಬಳಸಬಹುದು. ಬಾಟಲಿಯಿಂದ ಹಾಗೇ ಸುರಿದರೆ ಅದು ರೋಗಾಣುವಿನ ಜೊತೆಗೆ ಹೊಸದಾಗಿ ಬೆಳೆಯುತ್ತಿರುವ ಕೋಶಗಳನ್ನೂ ಕೊಲ್ಲುತ್ತದೆ. ಶುದ್ಧ ಕ್ಲೋರ್‌ಹೆಕ್ಸಿಡಿನ್ ಸಿಕ್ಕರೆ 2 ಪ್ರತಿಶತದ ದ್ರವದ ಒಂದು ಪಾಲಿಗೆ 39 ಪಾಲು ನೀರು ಸೇರಿಸಿದಾಗ 0.05 ಪ್ರತಿಶತವಾಗುತ್ತದೆ, ಅದೇ ಸರಿಯಾದ ಪ್ರಮಾಣ. ಕಣ್ಣು, ಕಿವಿಯ ತೂತಿನ ಬಳಿ ಇದು ಬೇಡ. ದಿನಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ತೊಳೆದರೆ ಸಾಕು.

ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಮನೆಯಲ್ಲಿ ಬಳಸುವ ಆಂಟಿಸೆಪ್ಟಿಕ್ ದ್ರವಗಳು, ಬೇವಿನೆಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಅರಿಸಿನದ ಬಗ್ಗೆ ಮನೆಯ ಹಿರಿಯರೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ. ಪುಡಿ ಗಾಯದಲ್ಲಿ ಗಟ್ಟಿಯಾಗಿ ಕೂತು ಒಳಗಿನ ತೇವವನ್ನು ಹಿಡಿದಿಡುತ್ತದೆ, ಹಳದಿ ಬಣ್ಣ ಕೀವನ್ನು ಮರೆಮಾಡುತ್ತದೆ ಎಂದರೆ ಅವರೂ ಒಪ್ಪುತ್ತಾರೆ. ಮುಲಾಮಿನಲ್ಲಿ ನೋವು ಮರಗಟ್ಟಿಸುವ ಲಿಡೋಕೇನ್ ಅಥವಾ ಬೆಂಜೋಕೇನ್ ಇದ್ದರೆ ಅದನ್ನು ಮುಟ್ಟಲೇಬಾರದು: ಇಷ್ಟು ಸಣ್ಣ ಮೈಗೆ ಅದು ವಿಷದ ಪ್ರಮಾಣವನ್ನು ಬೇಗ ಮುಟ್ಟುತ್ತದೆ, ಗೆಕೊ ತನ್ನ ಗಾಯವನ್ನು ನೆಕ್ಕುತ್ತದೆ ಕೂಡ.

ಸರೀಸೃಪದ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ ಎಂಬುದನ್ನು ತಿಳಿದಿರಬೇಕು. ನಮ್ಮ ಬಿಳಿರಕ್ತಕಣಗಳಲ್ಲಿರುವ, ಕೀವನ್ನು ಕರಗಿಸುವ ಕಿಣ್ವಗಳ ಕೊರತೆ ಇವುಗಳಲ್ಲಿದೆ. ಹಾಗಾಗಿ ಅದು ಗಿಣ್ಣಿನಂತೆ ಗಟ್ಟಿಯಾದ ಹಳದಿ ಮುದ್ದೆಯಾಗಿ ಚರ್ಮದ ಅಡಿ ಕೂಡಿಕೊಳ್ಳುತ್ತದೆ, ಒಡೆದು ಸೋರುವುದಿಲ್ಲ, ಔಷಧವೂ ಅದರೊಳಕ್ಕೆ ಇಳಿಯುವುದಿಲ್ಲ. ಗಾಯದ ಪಕ್ಕದಲ್ಲಿ ಗಟ್ಟಿ ಗಂಟು ಕಂಡರೆ ಬಿಸಿ ಶಾಖ ಕೊಟ್ಟು ಒಡೆಯಲು ಕಾಯುವುದು ವ್ಯರ್ಥ. ವೈದ್ಯರು ಅದನ್ನು ಕೊಯ್ದು ತೆಗೆಯಬೇಕು. ಹಾಗೆ ಕೊಯ್ದು ಹೊಲಿಗೆ ಹಾಕಿದರೆ ಹೊಲಿಗೆ ನಾಲ್ಕರಿಂದ ಆರು ವಾರ ಹಾಗೇ ಇರುತ್ತದೆ. ನಾಯಿಗೆ ಹತ್ತು ದಿನಕ್ಕೆ ಬಿಚ್ಚಿದರಲ್ಲ ಎಂದು ಅವಸರಿಸಬಾರದು.

ಬಾಲ, ಬೆರಳು ಮತ್ತು ಉಳಿದವು

ಕಳಚಿದ ಬಾಲ ಕೆಲವು ನಿಮಿಷ ಒದ್ದಾಡುತ್ತಲೇ ಇರುತ್ತದೆ. ನೋಡಲು ಭಯವಾದರೂ ಅದರಿಂದ ಪ್ರಾಣಿಗೆ ಏನೂ ಆಗುವುದಿಲ್ಲ, ತೆಗೆದುಹಾಕಿದರಾಯಿತು. ಬಾಲದ ಮೂಳೆಗಳೊಳಗೇ ಬಿರಿಯಲೆಂದು ಜಾಗಗಳಿವೆ, ಅಲ್ಲಿನ ರಕ್ತನಾಳಗಳು ತಾವೇ ಬಿಗಿದುಕೊಳ್ಳುತ್ತವೆ, ಆದ್ದರಿಂದ ರಕ್ತ ಸುರಿಯುವುದು ಅಪರೂಪ. ಮೋಟಿಗೆ ಪಟ್ಟಿ ಕಟ್ಟಬಾರದು. ಅದು ಗಾಳಿಗೆ ಒಣಗಿ ಕಂದು ಹಕ್ಕಳೆ ಕಟ್ಟಬೇಕು. ಹಕ್ಕಳೆ ತಾನಾಗಿ ಉದುರಿದ ಮೇಲೆ ತುದಿಯಲ್ಲಿ ಸಣ್ಣ ಮೊಗ್ಗು ಕಾಣುತ್ತದೆ, ಒಂದೆರಡು ತಿಂಗಳಲ್ಲಿ ಅದು ಬಾಲದ ಆಕಾರ ಪಡೆಯುತ್ತದೆ. ಹೊಸ ಬಾಲ ಮೊದಲಿನಂತಿರುವುದಿಲ್ಲ: ಗಿಡ್ಡಗೆ, ಗುಂಡಗೆ, ನುಣುಪಾಗಿ, ಮೂಳೆಯ ಬದಲು ಮೃದ್ವಸ್ಥಿಯಿಂದ ಆಗಿರುತ್ತದೆ. ಅದು ಕುರೂಪವೆಂದು ಬೇಸರಪಡುವವರಿದ್ದಾರೆ, ಗೆಕೊಗೆ ಅದರ ಗೊಡವೆಯಿಲ್ಲ. ಗೆಕೊ ಕಳೆದುಕೊಂಡದ್ದು ಕೊಬ್ಬಿನ ಸಂಗ್ರಹವನ್ನು. ದಪ್ಪ ಬಾಲದ ಆರೋಗ್ಯವಂತ ಗೆಕೊ ಒಂದೆರಡು ವಾರ ಉಪವಾಸವಿದ್ದರೂ ನಡೆಯುತ್ತದೆ. ಬಾಲವಿಲ್ಲದ್ದಕ್ಕೆ ಆ ಆಧಾರವಿಲ್ಲ. ಬಾಲ ಅರ್ಧ ಬಿರಿದು ತೂಗುತ್ತಿದ್ದರೆ ಎಳೆದು ಕೀಳಬಾರದು, ಕತ್ತರಿಸಲೂಬಾರದು. ಎರಡು ದಿನದಲ್ಲಿ ಅದು ಕೂಡಿಕೊಳ್ಳುವುದೋ ಬೀಳುವುದೋ ತಿಳಿಯುತ್ತದೆ, ತುದಿ ಕಪ್ಪಾಗಿ ಆ ಕಪ್ಪು ಮೇಲಕ್ಕೇರತೊಡಗಿದರೆ ವೈದ್ಯರಿಗೆ ತೋರಿಸಬೇಕು.

ಬೆರಳಿನ ಗಾಯ ಬಹುತೇಕ ಪೊರೆಯಿಂದ ಬರುತ್ತದೆ. ಕಳಚದೆ ಉಳಿದ ಪೊರೆ ಒಣಗಿ ದಾರದಂತೆ ಬಿಗಿದು ರಕ್ತಸಂಚಾರ ನಿಲ್ಲಿಸುತ್ತದೆ, ಹೀಗೆ ಒಂದೊಂದೇ ಬೆರಳು ಉದುರಿಹೋದ ಗೆಕೊಗಳು ಬೇಕಾದಷ್ಟಿವೆ. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿದ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯಲ್ಲಿ 15ರಿಂದ 20 ನಿಮಿಷ ಬಿಟ್ಟು, ಆಮೇಲೆ ಒದ್ದೆ ಕಿವಿಕಡ್ಡಿಯನ್ನು ಬೆರಳ ಬುಡದಿಂದ ತುದಿಯ ಕಡೆಗೆ ಹೊರಳಿಸಿದರೆ ಪೊರೆ ಬಿಡುತ್ತದೆ. ಬಿಡದಿದ್ದರೆ ನಾಳೆಗೆ ಬಿಡಬೇಕು. ಚಿಮಟದಿಂದ ಎಳೆದರೆ ಚರ್ಮವೂ ಉಗುರೂ ಜೊತೆಗೆ ಬರುತ್ತವೆ. ಪೊರೆ ಸುಲಭವಾಗಿ ಬಿಡಲು ತೇವದ ಮರೆ ಎಲ್ಲ ಗೆಕೊಗಳಿಗೂ ಬೇಕಾದದ್ದೇ, ಆದರೆ ಮೈಮೇಲೆ ಹಸಿಗಾಯ ಇರುವಾಗ ಪಾಚಿ ತುಂಬಿದ ಮರೆ ರೋಗಾಣುಗಳ ತವರಾಗುತ್ತದೆ. ಆ ದಿನಗಳಲ್ಲಿ ಒದ್ದೆ ಟಿಶ್ಯೂವಿನ ಡಬ್ಬಿಯನ್ನು ಪೊರೆ ಬಿಡುವ ಸಮಯಕ್ಕೆ, ಅಂದರೆ ಮೈಬಣ್ಣ ಮಂಕಾಗಿ ಬಿಳಿಚಿದಾಗ ಮಾತ್ರ ಇಟ್ಟು, ದಿನವೂ ಬದಲಿಸಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ನಮ್ಮ ಗಾಳಿಯಲ್ಲೇ ತೇವ ಹೆಚ್ಚಿರುವುದರಿಂದ ಪೆಟ್ಟಿಗೆಯ ತೂತುಗಳನ್ನೂ ಹೆಚ್ಚಿಸಬೇಕಾದೀತು.

ಸುಟ್ಟ ಗಾಯಕ್ಕೆ ಕಾರಣ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಅಥವಾ ವಿದ್ಯುತ್ತಿನ ಬಿಸಿಕಲ್ಲು. ಹೊಟ್ಟೆಯ ಅಡಿ ಚರ್ಮ ಸುಡುತ್ತಿದ್ದರೂ ಈ ಪ್ರಾಣಿ ಎದ್ದು ಹೋಗುವುದಿಲ್ಲ. ಹೊಟ್ಟೆಯಲ್ಲಿ ಕೆಂಪು ಅಥವಾ ಕಂದು ಕಲೆ ಕಂಡ ಕೂಡಲೇ ಆ ಭಾಗವನ್ನು ಸಾಧಾರಣ ತಣ್ಣೀರಿನಲ್ಲಿ ಹತ್ತು ನಿಮಿಷ ಇರಿಸಬೇಕು, ಮಂಜುಗಡ್ಡೆ ಬೇಡ. ವೈದ್ಯರು ಇದಕ್ಕೆ ಹೆಚ್ಚಾಗಿ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಕೊಡುತ್ತಾರೆ. ಕಣ್ಣಿಗೆ ಸಲೈನ್ ಹನಿಸಿ ತೊಳೆಯುವುದನ್ನು ಬಿಟ್ಟು ಬೇರೇನನ್ನೂ ಮನೆಯಲ್ಲಿ ಮಾಡಬಾರದು. ಸ್ಟೀರಾಯ್ಡ್ ಬೆರೆತ ಕಣ್ಣಿನ ಹನಿ ಕಣ್ಣಿನ ಹುಣ್ಣನ್ನು ಆಳ ಮಾಡುತ್ತದೆ. ಮೂಳೆ ಮುರಿದಿದೆ ಎಂಬ ಅನುಮಾನವಿದ್ದರೆ ಕಡ್ಡಿ ಕಟ್ಟುವ ಸಾಹಸ ಬೇಡ, ಪೆಟ್ಟಿಗೆಯಲ್ಲಿ ಹತ್ತಲು ಏನೂ ಇಲ್ಲದಂತೆ ಮಾಡಿ ಎಕ್ಸ್‌ರೇಗೆ ಒಯ್ಯಬೇಕು. ಎತ್ತರದಿಂದ ಬೀಳದೆಯೂ ಮೂಳೆ ಮುರಿದಿದ್ದರೆ ಕ್ಯಾಲ್ಸಿಯಂ ಅಥವಾ ಡಿ3 ಜೀವಸತ್ವದ ಕೊರತೆಯಿಂದ ಮೂಳೆಯೇ ಮೆತ್ತಗಾಗಿರುವ ಸಂಭವ ಹೆಚ್ಚು.

ಆಹಾರ ಮತ್ತು ನೀರು

ಗಾಯವಾದ ಮೊದಲ ಒಂದೆರಡು ದಿನ ಗೆಕೊ ತಿನ್ನದಿದ್ದರೆ ಚಿಂತೆಯಿಲ್ಲ. ನೀರಿನ ತಗ್ಗು ಬಟ್ಟಲು ಮಾತ್ರ ಸದಾ ತುಂಬಿರಬೇಕು, ಕುಡಿಯದಿದ್ದರೆ ಮೂತಿಯ ತುದಿಗೆ ಒಂದೊಂದೇ ಹನಿ ಬಿಟ್ಟರೆ ನೆಕ್ಕುತ್ತದೆ. ಮಲದ ಜೊತೆ ಬರುವ ಬಿಳಿ ಭಾಗ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಮೂರನೆಯ ದಿನದಿಂದ ದಿನಕ್ಕೆ ಎರಡು ಮೂರು ಸಣ್ಣ ಹುಳು ಕೊಡತೊಡಗಬಹುದು. ಹುಳುವಿನ ಗಾತ್ರ ಗೆಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಜೀವಂತ ಕ್ರಿಕೆಟ್ ಹುಳುಗಳನ್ನು ಪೆಟ್ಟಿಗೆಯೊಳಗೆ ಬಿಟ್ಟು ಮಲಗಲು ಹೋಗುವುದು ಈ ಸಮಯದಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ತಿನ್ನದೆ ಉಳಿದ ಹುಳು ರಾತ್ರಿ ಗಾಯವನ್ನೇ ಮೇಯುತ್ತದೆ. ತುದಿ ಮೊಂಡಾದ ಚಿಮಟದಲ್ಲಿ ಹಿಡಿದು ಒಂದೊಂದಾಗಿ ತೋರಿಸಿ, ಬೇಡವೆಂದರೆ ವಾಪಸ್ ತೆಗೆಯಬೇಕು.

ಮಂಡ್ಯ, ಮೈಸೂರಿನವರಿಗೆ ಇಲ್ಲೊಂದು ಅನುಕೂಲವಿದೆ: ರೇಷ್ಮೆ ಹುಳು. ಮೈ ಮೃದು, ನೀರಿನಂಶ ಹೆಚ್ಚು, ಕಚ್ಚುವುದಿಲ್ಲ, ಓಡುವುದಿಲ್ಲ. ದವಡೆ ನೋಯುತ್ತಿರುವ ಅಥವಾ ಬಡಕಲಾದ ಗೆಕೊಗೆ ಇದಕ್ಕಿಂತ ಒಳ್ಳೆಯ ಆಹಾರ ಸಿಗುವುದು ಕಷ್ಟ. ಚಾಕಿ (ಎಳೆಯ ಹುಳು) ಸಾಕಾಣಿಕೆ ಕೇಂದ್ರಗಳು ರೈತರಿಗೆ ಕೊಡುವುದೇ ಎರಡನೆಯ ಜ್ವರ, ಅಂದರೆ ಪೊರೆ ಬಿಡುವ ಹಂತ, ಕಳೆದ ಹುಳುಗಳನ್ನು, ದೊಡ್ಡ ಗೆಕೊಗೆ ಆ ಗಾತ್ರ ಸರಿಹೊಂದುತ್ತದೆ. ಐದನೆಯ ಹಂತದ ಬಲಿತ ಹುಳು ತೀರ ದೊಡ್ಡದು. ತರುವಾಗ ಎರಡು ಎಚ್ಚರಿಕೆ ಬೇಕು. ಜ್ವರದ ಸಮಯದಲ್ಲಿ ಹುಳುಗಳ ಹಾಸಿಗೆಗೆ ಸುಣ್ಣವನ್ನೂ ಸೋಂಕುನಿವಾರಕ ಪುಡಿಯನ್ನೂ ಉದುರಿಸುವುದು ವಾಡಿಕೆ. ಅಂಥ ಹುಳುವನ್ನು ಹಾಗೇ ತಿನ್ನಿಸಬಾರದು, ಪುಡಿ ಸೋಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಎರಡು ದಿನ ಸಾಕಿ, ಮೈ ಶುದ್ಧವಾದ ಮೇಲೆ ಕೊಡಬೇಕು. ಜೊತೆಗೆ, ಹಾಲು ತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗದ ಲಕ್ಷಣವಿದೆಯೆಂದು ರೈತರು ಬೇರೆ ತೆಗೆದಿಟ್ಟ ಹುಳುಗಳು ಪುಕ್ಕಟೆ ಸಿಗುತ್ತವೆಂದು ತರಬಾರದು. ನೂಲು ಬಿಚ್ಚುವ ಘಟಕಗಳ ಬೆಂದ ಕೋಶಹುಳುವೂ ಬೇಡ, ಅಲುಗಾಡದ ಆಹಾರವನ್ನು ಗೆಕೊ ಸಾಮಾನ್ಯವಾಗಿ ಮೂಸುವುದೂ ಇಲ್ಲ.

ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಮೀಲ್‌ವರ್ಮ್‌ಗಳ ಸಿಪ್ಪೆ ಗಟ್ಟಿ, ಆಗತಾನೆ ಪೊರೆ ಬಿಟ್ಟ ಬಿಳಿಯವನ್ನು ಆರಿಸಿಕೊಟ್ಟರೆ ಬೇಗ ಅರಗುತ್ತವೆ. ಮನೆಯ ಜಿರಳೆ, ಗದ್ದೆಯ ಮಿಡತೆಗಳಲ್ಲಿ ಕೀಟನಾಶಕ ಇರಬಹುದು, ಮಿಂಚುಹುಳುವಂತೂ ಹಲ್ಲಿಗಳಿಗೆ ಮಾರಕ ವಿಷ. ಹುಳುಗಳಿಗೆ ಡಿ3 ಇರುವ ಕ್ಯಾಲ್ಸಿಯಂ ಪುಡಿಯನ್ನು ತೆಳುವಾಗಿ ಲೇಪಿಸಿ ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗಾಯದ ಸ್ವರೂಪ ನೋಡಿ ವೈದ್ಯರೇ ಹೇಳಲಿ. ಬಾಯಿ ಬಿಡಿಸಿ ತುರುಕುವುದು ಕೊನೆಯ ಉಪಾಯ, ಅದೂ ವೈದ್ಯರು ಮಾಡಿ ತೋರಿಸಿದ ನಂತರ. ಪೆಟ್ಟಿಗೆ ತಣ್ಣಗಿರುವಾಗ ತುರುಕಿದ ಆಹಾರ ಹೊಟ್ಟೆಯಲ್ಲೇ ಕೊಳೆಯುತ್ತದೆ.

ತೂಕ, ಚಿತ್ರ, ಕೈಸೋಂಕು

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಚಿನ್ನ ತೂಗುವಂಥ, 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ವಾರಕ್ಕೆ ಎರಡು ಸಲ, ಆಹಾರ ಕೊಡುವ ಮೊದಲು, ಡಬ್ಬಿಯ ಸಮೇತ ತೂಗಿ ಡಬ್ಬಿಯ ತೂಕ ಕಳೆದು ಬರೆದಿಡಬೇಕು. ಬಾಲ ಹೋದ ದಿನದ ತೂಕವನ್ನೇ ಹೊಸ ಆರಂಭವೆಂದು ಹಿಡಿಯಬೇಕು, ಇಲ್ಲದಿದ್ದರೆ ಹೋದ ಬಾಲದ ಭಾರವೇ ಸೊರಗಿದಂತೆ ಕಾಣುತ್ತದೆ. ಅಲ್ಲಿಂದ ಹತ್ತನೇ ಒಂದು ಪಾಲು ಇಳಿದರೆ, 60 ಗ್ರಾಂ ಇದ್ದದ್ದು 54ಕ್ಕೆ ಬಂದರೆ, ವೈದ್ಯರನ್ನು ಕಾಣಬೇಕು. ಗಾಯದ ಚಿತ್ರವನ್ನು ಮೂರು ದಿನಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದರೆ ವೈದ್ಯರಿಗೆ ನೂರು ಮಾತಿಗಿಂತ ಅದೇ ಹೆಚ್ಚು ಹೇಳುತ್ತದೆ. ತೊಳೆಯುವುದು, ತೂಗುವುದು, ಚಿತ್ರ ತೆಗೆಯುವುದು, ಇವನ್ನು ಒಂದೇ ಸಮಯಕ್ಕೆ ಕೂಡಿಸಿಕೊಂಡು ಉಳಿದ ಹೊತ್ತಿನಲ್ಲಿ ಪ್ರಾಣಿಯನ್ನು ಎತ್ತದಿರುವುದೇ ಆರೈಕೆ. ಮನೆಗೆ ಬಂದ ನೆಂಟರ ಮಕ್ಕಳಿಗೆ ತೋರಿಸಲು ಮರೆ ಎತ್ತುವುದೂ ಈಗ ಬೇಡ.

ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವುದು ಸಾಮಾನ್ಯ. ಮುಟ್ಟುವ ಮೊದಲು ಗೆಕೊದ ಗಾಯಕ್ಕಾಗಿ, ಮುಟ್ಟಿದ ನಂತರ ನಮಗಾಗಿ ಸೋಪಿನಿಂದ ಕೈ ತೊಳೆಯಬೇಕು. ಅದರ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು, ಐದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ವಯಸ್ಸಾದವರಿಗೂ ಈ ಕೆಲಸ ವಹಿಸಬಾರದು.

ಹಳೆಯ ತೊಟ್ಟಿಗೆ ಮರಳುವುದು

ಹಕ್ಕಳೆ ಉದುರಿ, ಗಾಯದ ಜಾಗದಲ್ಲಿ ಒಣ ಚರ್ಮ ಬಂದು, ಅದರ ಮೇಲೆ ಒಮ್ಮೆಯಾದರೂ ಪೊರೆ ಸರಿಯಾಗಿ ಕಳಚಿಬಂದ ನಂತರವೇ ಗೆಕೊವನ್ನು ಹಳೆಯ ತೊಟ್ಟಿಗೆ ಬಿಡುವ ಯೋಚನೆ ಮಾಡಬೇಕು. ಗಾಯ ಮಾಯುವ ಕಾಲದಲ್ಲಿ ಗೆಕೊ ಪೊರೆಯನ್ನು ಎಂದಿಗಿಂತ ಬೇಗ ಬೇಗ ಬಿಡುವುದುಂಟು, ಅದು ಒಳ್ಳೆಯ ಲಕ್ಷಣ. ಆ ಹೊತ್ತಿಗೆ ಗಾಯಕ್ಕೆ ಕಾರಣವಾದದ್ದನ್ನು ಸರಿಪಡಿಸಿರಬೇಕು: ಅಲುಗಾಡುವ ಕಲ್ಲನ್ನು ತೆಗೆಯುವುದು, ಮ್ಯಾಟಿಗೆ ಥರ್ಮೋಸ್ಟಾಟ್ ಹಾಕುವುದು, ಬೆಕ್ಕು ತಲುಪದಂತೆ ಮುಚ್ಚಳಕ್ಕೆ ಚಿಲಕ ಇಡುವುದು. ಗಾಯ ಜೊತೆಗಾರ ಗೆಕೊ ಕಚ್ಚಿದ್ದಾದರೆ ಅವೆರಡನ್ನೂ ಮತ್ತೆಂದೂ ಒಂದೇ ತೊಟ್ಟಿಯಲ್ಲಿ ಇಡಬಾರದು; ಇಷ್ಟು ದಿನ ಹೊಂದಿಕೊಂಡಿದ್ದವಲ್ಲ ಎಂಬುದು ಸಮಜಾಯಿಷಿ ಮಾತ್ರ, ಇವು ಒಂಟಿಯಾಗಿ ಬಾಳುವ ಪ್ರಾಣಿಗಳು. ತೊಟ್ಟಿಯ ತಳಕ್ಕೆ ಮೊದಲ ಎರಡು ವಾರ ಟಿಶ್ಯೂ ಹಾಸೇ ಇದ್ದು, ಊಟ ಮತ್ತು ತೂಕ ಎರಡೂ ಸ್ಥಿರವಾಗಿದ್ದರೆ ನಂತರ ಸಾದಾ ಟೈಲ್ಸ್ ತುಂಡುಗಳನ್ನು ಜೋಡಿಸಬಹುದು. ಚೇತರಿಕೆಯ ಪೆಟ್ಟಿಗೆಯನ್ನು ಕುದಿನೀರು ಮತ್ತು ಸೋಪಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮ್ಯಾಟು, ಸಿರಿಂಜು, ಹೊಸ ಸಲೈನ್ ಬಾಟಲಿಗಳ ಜೊತೆಗೆ ಎತ್ತಿಡಬೇಕು. ಒಮ್ಮೆ ತೆರೆದ ಸಲೈನ್ ಬಾಟಲಿಯನ್ನು ಮಾತ್ರ ಉಳಿಸಿಕೊಳ್ಳದೆ ಎಸೆಯಬೇಕು.